ಉಳಿದಿದ್ದ ಒಂದು ಜಾಗ

ರೋವೆಲಿನ್ ಮಾಗ್ತಿಬಾಯ್ ಎಂದರೆ ಅವಳ ಊರಿನಲ್ಲಿ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ, ವೆಂಗ್ ಎನ್ನಬೇಕು. ತೆಂಗಿನ ಹೊಂಬಾಳೆಯ ರಸದಿಂದ ವಿನೆಗರ್ ತಯಾರಿಸುವ ಕಾರ್ಖಾನೆಯಲ್ಲಿ ಅವಳು ಈಗ ಪರೀಕ್ಷಕಿ. ಬಾಟಲಿಗಳು ಲಾರಿ ಹತ್ತುವ ಮುಂಚೆ ಅವುಗಳ ಹುಳಿ, ಬಣ್ಣ, ಶುದ್ಧಿ ನೋಡಿ ಸೈ ಅನ್ನುವುದು ಅವಳ ಕೆಲಸ. ಮಾತು ಕಡಿಮೆ. ಅಲ್ಲಿಯ ಹೆಂಗಸರು ಅವಳನ್ನು ಬಿಗುಮಾನದವಳು ಎಂದುಕೊಂಡಿದ್ದಾರೆ. ವಿಶ್ವವಿದ್ಯಾಲಯದಲ್ಲಿ ಅವಳ ಜೊತೆ ಓದಿದವರನ್ನು ಕೇಳಿದರೆ, ವೆಂಗ್ ಮೊದಲು ಹಾಗಿರಲಿಲ್ಲ ಎನ್ನುತ್ತಾರೆ.

ಅವಳ ಅಪ್ಪ ಆ ಹೊಂಬಾಳೆಯ ರಸ ಇಳಿಸುತ್ತಿದ್ದವನು. ಕೆಸಾನ್ ಪ್ರಾಂತ್ಯದ ಆ ಊರುಗಳಲ್ಲಿ ಒಂದು ತೆಂಗಿನ ಮರದ ತಲೆಯಿಂದ ಇನ್ನೊಂದರ ತಲೆಗೆ ಬಿದಿರಿನ ಗಳ ಕಟ್ಟಿರುತ್ತಾರೆ. ಒಮ್ಮೆ ಮೇಲೆ ಹತ್ತಿದವರು ಇಡೀ ತೋಟವನ್ನು ನೆಲ ಮುಟ್ಟದೆ ಸುತ್ತಿ ಬರುತ್ತಾರೆ. ಒಂದು ಬೆಳಿಗ್ಗೆ ಗಳ ಮುರಿಯಿತು. ಅಪ್ಪ ಬದುಕಿದ, ಆದರೆ ಸೊಂಟದ ಕೆಳಗೆ ಬಲವಿಲ್ಲ. ಅಂದಿನಿಂದ ಅಮ್ಮ ಪಸಿತಾಳ ಹೊಲಿಗೆ ಯಂತ್ರವೇ ಮನೆ ನಡೆಸಿತು. ಸುತ್ತಲಿನ ಶಾಲೆಗಳ ಮಕ್ಕಳ ನೀಲಿ ಲಂಗ, ಬಿಳಿ ಅಂಗಿ ಎಲ್ಲ ಅವಳ ಕೈಯಿಂದಲೇ ಬರುತ್ತಿದ್ದವು. ಇಬ್ಬರು ಹೆಣ್ಣುಮಕ್ಕಳು: ವೆಂಗ್ ದೊಡ್ಡವಳು, ಜೆಸ್ಸಾ ಚಿಕ್ಕವಳು. ಇಬ್ಬರನ್ನೂ ಒಟ್ಟಿಗೆ ಕಾಲೇಜಿಗೆ ಕಳಿಸುವ ಶಕ್ತಿ ಮನೆಗಿರಲಿಲ್ಲ. ವೆಂಗ್ ಏಪ್ರಿಲಿನಲ್ಲಿ ಪದವಿ ಮುಗಿಸಿ ಕೆಲಸ ಹಿಡಿಯಬೇಕು, ಆಮೇಲೆ ಜೂನಿನಲ್ಲಿ ಜೆಸ್ಸಾ ಸೇರಬೇಕು, ಇದು ಊಟದ ಮೇಜಿನಲ್ಲಿ ಆದ ತೀರ್ಮಾನ. ಅದನ್ನು ಯಾರೂ ಎರಡನೇ ಸಲ ಎತ್ತಲಿಲ್ಲ, ಅಷ್ಟು ಗಟ್ಟಿಯಾಗಿತ್ತು.

ವೆಂಗ್ ಓದುತ್ತಿದ್ದದ್ದು ಬೆಟ್ಟದ ಬುಡದಲ್ಲಿರುವ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಆಹಾರ ತಂತ್ರಜ್ಞಾನ. ಕ್ಯಾಂಪಸ್ಸಿನ ಹಿಂಬಾಗಿಲಿನ ಹತ್ತಿರ ಒಂದು ಹಳೆಯ ಮನೆಯಲ್ಲಿ ಕೋಣೆ ಹಿಡಿದಿದ್ದಳು. ಮೇಲೆ ಹುಡುಗಿಯರು, ಕೆಳಗೆ ಹುಡುಗರು, ನಡುವೆ ಎಲ್ಲರಿಗೂ ಒಂದೇ ಅಡುಗೆಮನೆ. ಆ ಅಡುಗೆಮನೆಯ ರಾಜ ಜುನ್‌ರೀ ಫಾಬೆಲ್ಯೊ. ರೊಂಬ್ಲೊನ್ ದ್ವೀಪದ ಅಮೃತಶಿಲೆ ಕೆತ್ತುವವರ ಮನೆಯ ಹುಡುಗ, ವೆಂಗ್‌ಗಿಂತ ಎರಡು ವರ್ಷ ಮುಂಚೆ ಸೇರಿದವನು. ಒಣಮೀನು ಹುರಿಯುತ್ತ, ಹಾಡುತ್ತ, ಮನೆಯವರೆಲ್ಲರಿಗೂ ಅಡ್ಡಹೆಸರು ಇಡುತ್ತ ಇರುತ್ತಿದ್ದ. ವೆಂಗ್ ಅವನನ್ನು ಅಣ್ಣ ಎನ್ನುತ್ತಿದ್ದಳು, ಅದು ಬರೀ ಬಾಯಿಮಾತಾಗಿರಲಿಲ್ಲ. ಅವಳಿಗೆ ಡೆಂಗಿ ಬಂದು ಮೈ ಸುಟ್ಟುಹೋಗುತ್ತಿದ್ದಾಗ ಎತ್ತಿಕೊಂಡು ಹೋಗಿ ಆಟೋದಂಥ ಟ್ರೈಸಿಕಲ್‌ನಲ್ಲಿ ಕೂರಿಸಿ ಆಸ್ಪತ್ರೆ ಸೇರಿಸಿದವನು ಅವನು. ಅಮ್ಮ ಊರಿನಿಂದ ಬರುವ ತನಕ ಮಂಚದ ಪಕ್ಕದ ಬೆಂಚಿನಲ್ಲೇ ಮಲಗಿದ್ದ. ಪಸಿತಾ ಆಮೇಲೆ ಅವನಿಗೆ ಎರಡು ಅಂಗಿ ಹೊಲಿದು ಕಳಿಸಿದ್ದಳು.

ಓದಿನಲ್ಲಿ ಮಾತ್ರ ಜುನ್‌ರೀ ಹಿಂದೆ ಬಿದ್ದಿದ್ದ. ಭೌತಶಾಸ್ತ್ರದಲ್ಲಿ ಮತ್ತೆ ಮತ್ತೆ ಫೇಲಾಗುತ್ತಿದ್ದ. ಜೊತೆಯವರು ಮುಗಿಸಿ ಹೋದರು, ಅವನು ಉಳಿದ. ಯಾರಾದರೂ ಕೇಳಿದರೆ, "ಈ ಮರಗಳು ನೂರು ವರ್ಷದಿಂದ ಇಲ್ಲೇ ಇವೆ, ಅವನ್ನ್ಯಾರೂ ಕೇಳಲ್ಲ, ನನ್ನನ್ನ್ಯಾಕೆ ಕೇಳ್ತೀರ," ಎಂದು ನಗಿಸಿಬಿಡುತ್ತಿದ್ದ.

ಆ ಜೂನ್ ತಿಂಗಳಲ್ಲಿ ಇಬ್ಬರಿಗೂ ಒಂದೇ ತರಗತಿ ಬೇಕಾಯಿತು. ಸಾವಯವ ರಸಾಯನಶಾಸ್ತ್ರದ ಪ್ರಯೋಗದ ತರಗತಿ ಅದು. ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಅದಿಲ್ಲದೆ ಮುಂದಿನ ಅರ್ಧವರ್ಷದ ಪಾಠಕ್ಕೆ ಬಾಗಿಲಿಲ್ಲ, ಆ ಪಾಠವಿಲ್ಲದೆ ಪದವಿಯಿಲ್ಲ. ಸೀಟು ಹಂಚುವುದು ಕಂಪ್ಯೂಟರು, ಅದೂ ಲಾಟರಿ ಎತ್ತಿದಂತೆ. ಕೊನೆಯ ವರ್ಷದವರಿಗೆ ಮೊದಲ ಅವಕಾಶ ಎಂಬ ನಿಯಮವೇನೋ ಇತ್ತು. ಆದರೆ ಹಿಂದಿನ ವರ್ಷದ ಒಂದು ವಿಷಯದ ಅಂಕಗಳನ್ನು ಅದರ ಅಧ್ಯಾಪಕರು ತಡವಾಗಿ ಸೇರಿಸಿದ್ದರಿಂದ, ಕಂಪ್ಯೂಟರಿನ ಪಾಲಿಗೆ ವೆಂಗ್ ಇನ್ನೂ ಮೂರನೇ ವರ್ಷದವಳಾಗಿಯೇ ಉಳಿದಿದ್ದಳು. ಮೊದಲ ಸುತ್ತಿನಲ್ಲಿ ಸಿಗಲಿಲ್ಲ. ಎರಡನೇ ಸುತ್ತಿನಲ್ಲೂ ಸಿಗಲಿಲ್ಲ. ತರಗತಿ ತುಂಬಿದೆ ಎಂದು ಪರದೆ ಕೆಂಪಗೆ ತೋರಿಸುತ್ತಿತ್ತು. ಮನೆಗೆ ಫೋನು ಮಾಡಿದಾಗ ಅವಳು ಅಮ್ಮನಿಗೆ ಎಲ್ಲ ಸರಿಯಿದೆ ಎಂದಳು. ಜೆಸ್ಸಾ ಹಿಂದಿನಿಂದ ಕೂಗಿ, ನಿನ್ನ ಹಳೇ ಪುಸ್ತಕ ಯಾರಿಗೂ ಕೊಟ್ಟುಬಿಡಬೇಡ ಎಂದು ಹೇಳಿದ್ದು ಕೇಳಿಸಿತು.

ಇಂಥವರಿಗೆ ಉಳಿಯುವುದು ಒಂದೇ ದಾರಿ. ತುಂಬಿದ ತರಗತಿಗೂ ಒಬ್ಬಿಬ್ಬರನ್ನು ಸೇರಿಸಿಕೊಳ್ಳುವ ಅಧಿಕಾರ ಪಾಠ ಮಾಡುವವರ ಕೈಯಲ್ಲಿರುತ್ತದೆ. ಹುಡುಗರು ಅದನ್ನು ಪ್ರೆರೋಗ್ ಎನ್ನುತ್ತಾರೆ. ಜೂನ್ ಬಂತೆಂದರೆ ಕ್ಯಾಂಪಸ್ಸಿನ ಎಲ್ಲ ಕಟ್ಟಡಗಳಲ್ಲೂ ಅಧ್ಯಾಪಕರ ಬಾಗಿಲ ಮುಂದೆ ಸಾಲುಗಳು ಹುಟ್ಟಿಕೊಳ್ಳುತ್ತವೆ. ಕೆಲವರು ಹಾಡಲು ಹೇಳುತ್ತಾರೆ, ಕೆಲವರು ಚೀಟಿ ಎತ್ತಿಸುತ್ತಾರೆ, ಕೆಲವರು ಬಾಗಿಲೇ ತೆರೆಯುವುದಿಲ್ಲ. ಈ ತರಗತಿ ಡಾಕ್ಟರ್ ಸಂಬ್ರಾನೊ ಅವರದು. ಸಣ್ಣ ಮೈಯ, ಕತ್ತರಿಸಿದ ನರೆಗೂದಲಿನ ಹೆಂಗಸು. ಸೆಖೆಯಲ್ಲೂ ಉಣ್ಣೆಯ ಮೇಲಂಗಿ. ಅವರ ಬಾಗಿಲ ಮುಂದೆ ಅತ್ತರೂ ಉಪಯೋಗವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಬೆಳಕು ಹರಿಯುವ ಮುಂಚೆಯೇ ವೆಂಗ್ ರಸಾಯನಶಾಸ್ತ್ರದ ಕಟ್ಟಡದ ಓಣಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಅವಳಿಗಿಂತ ಮುಂಚೆ ಬಂದವರೂ ಇದ್ದರು. ಸ್ವಲ್ಪ ಹೊತ್ತಿಗೆ ಜುನ್‌ರೀ ಬಂದ, ಕೈಯಲ್ಲಿ ಬಿಸಿ ಬನ್ನುಗಳ ಕಾಗದದ ಪೊಟ್ಟಣ.

"ತಿನ್ನು. ಖಾಲಿ ಹೊಟ್ಟೇಲಿ ಚೆನ್ನಾಗಿ ಅಳೋಕಾಗಲ್ಲ," ಎಂದ.

"ನಾನ್ಯಾಕೆ ಅಳಲಿ?"

"ನಿನ್ನ ಮೂಗು ಆಗಲೇ ಕೆಂಪಗಾಗಿದೆ. ಒಂದು ಹನಿಗೆ ಒಂದು ಸೀಟು ಅಂತ ಆದ್ರೆ ಇಡೀ ಲ್ಯಾಬ್ ನಿಂದೇ. ನಂಗೂ ಒಂದು ಮೂಲೆ ಕೊಡು."

ಅವನಿಗೂ ಅದೇ ತರಗತಿ ಬೇಕೆಂದು ವೆಂಗ್‌ಗೆ ಗೊತ್ತಿತ್ತು. ಆದರೆ ಜುನ್‌ರೀಗೆ ಯಾವಾಗಲೂ ಯಾವುದಾದರೂ ತರಗತಿ ಬೇಕಾಗಿಯೇ ಇರುತ್ತಿತ್ತು. ಇವತ್ತು ಸಿಗದಿದ್ದರೆ ಬರುವ ವರ್ಷ ಎನ್ನುತ್ತಾನೆ, ಅಷ್ಟೆ, ಎಂದುಕೊಂಡಳು. ಬನ್ನು ತಿಂದರು. ಗೋಡೆಯಾಚೆಯ ಲ್ಯಾಬಿನಿಂದ ಗ್ಯಾಸಿನ ವಾಸನೆ ಬರುತ್ತಿತ್ತು.

ಸಂಬ್ರಾನೊ ಮೇಡಂ ಬಂದು ಬಾಗಿಲ ಬೀಗ ತೆಗೆದರು, ಒಳಗೆ ಹೋಗದೆ ಅಲ್ಲೇ ತಿರುಗಿ ನಿಂತರು. ತಮ್ಮ ಲ್ಯಾಬಿನಲ್ಲಿ ಎಷ್ಟು ಮೇಜುಗಳಿವೆಯೋ ಅಷ್ಟೇ ಜನ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹಿಂದೊಮ್ಮೆ ಕನಿಕರಪಟ್ಟು ಹೆಚ್ಚು ಮಂದಿಯನ್ನು ಸೇರಿಸಿಕೊಂಡಿದ್ದರಂತೆ. ಒಂದು ಮೇಜಿಗೆ ಇಬ್ಬರು ನಿಂತು, ಮೊಣಕೈ ತಾಗಿ, ಒಬ್ಬ ಹುಡುಗಿಯ ಕುತ್ತಿಗೆ ಸುಟ್ಟಿತು. ಅವಳ ತಾಯಿಗೆ ತಾವೇ ಫೋನು ಮಾಡಬೇಕಾಯಿತು. ಇನ್ನೊಮ್ಮೆ ಹಾಗೆ ಮಾಡುವುದಿಲ್ಲ. ಈಗ ಇಬ್ಬರು ಬಿಟ್ಟುಹೋಗಿದ್ದಾರೆ, ಹಾಗಾಗಿ ಎರಡು ಮೇಜು ಖಾಲಿ ಇವೆ. ಮುಂದಿನ ಏಪ್ರಿಲಿಗೆ ಪದವಿ ಮುಗಿಸುವವರು ಮಾತ್ರ ಮುಂದೆ ಬನ್ನಿ, ಉಳಿದವರು ಬರುವ ವರ್ಷ ನೋಡೋಣ.

ಸಾಲು ಗೊಣಗುತ್ತ ಕರಗಿತು. ಮುಂದೆ ಬಂದವರು ಮೂವರು. ಒಬ್ಬ ಕನ್ನಡಕದ ಹುಡುಗ, ವಿದ್ಯಾರ್ಥಿವೇತನದವನು. ಅವನ ವಿಷಯದಲ್ಲಿ ಯಾವ ಅನುಮಾನವೂ ಇರಲಿಲ್ಲ, ಒಂದು ಜಾಗ ಅವನಿಗೆ ಹೋಯಿತು. ಇನ್ನೊಬ್ಬಳು ವೆಂಗ್. ಮೂರನೆಯವನು ಜುನ್‌ರೀ.

ಅವನು ಮುಂದೆ ಬಂದದ್ದನ್ನು ನೋಡಿ ವೆಂಗ್ ತಮಾಷೆಯೆಂದೇ ತಿಳಿದಳು. ಮೇಡಂ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಏಪ್ರಿಲಿಗೆ ಮುಗಿಸ್ತೀಯಾ?"

"ಮುಗಿಸ್ತೀನಿ ಮೇಡಂ."

"ಇನ್ನೇನು ಬಾಕಿ ಇದೆ?"

"ಇದು, ಇದರ ಮುಂದಿನದು. ಅಷ್ಟೇ ಮೇಡಂ." ಹಾಗೆಂದು ಅವನು ವೆಂಗ್ ಕಡೆ ತಿರುಗಿ, ಅಡುಗೆಮನೆಯಲ್ಲಿ ನಗುವ ಹಾಗೆಯೇ ನಕ್ಕ. "ಬೇಕಾದ್ರೆ ಇವಳನ್ನ ಕೇಳಿ. ನಾವಿಬ್ರೂ ಒಂದೇ ಮನೇಲಿರೋದು, ನನ್ನ ತಂಗಿ ಇದ್ದ ಹಾಗೆ."

ಮೇಡಂ ವೆಂಗ್ ಕಡೆ ನೋಡಿದರು. "ಹೌದೇನಮ್ಮ?"

ಆಮೇಲೆ ಎಷ್ಟೋ ಸಲ ವೆಂಗ್ ಆ ಗಳಿಗೆಯನ್ನು ಮತ್ತೆ ಮತ್ತೆ ತಿರುವಿ ಹಾಕಿದ್ದಾಳೆ. ಅಲ್ಲಿ ಅವಳಿಗೆ ಸತ್ಯ ಹೇಳಬೇಕು ಎಂದೇನೂ ಅನ್ನಿಸಿರಲಿಲ್ಲ, ಸುಳ್ಳು ಹೇಳಬಾರದು ಎಂದೂ ಅನ್ನಿಸಿರಲಿಲ್ಲ. ಕಣ್ಣ ಮುಂದಿದ್ದದ್ದು ಉಳಿದಿದ್ದ ಒಂದು ಮೇಜು, ಮತ್ತು ತನ್ನ ಹಳೇ ಪುಸ್ತಕಕ್ಕೆ ಕಾದಿದ್ದ ಜೆಸ್ಸಾ.

"ಅವನಿಗೆ ಇನ್ನೂ ಎರಡು ಫಿಸಿಕ್ಸ್ ಬಾಕಿ ಇದೆ ಮೇಡಂ," ಎಂದಳು.

ಜುನ್‌ರೀಯ ನಗು ಕೂಡಲೇ ಮಾಯವಾಗಲಿಲ್ಲ. ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಇಳಿಯಿತು. "ಹೌದು ಮೇಡಂ, ಅದು ಮರೆತೇಹೋಗಿತ್ತು," ಎಂದ. ಮೇಡಂ ಏನೂ ಬೈಯಲಿಲ್ಲ. ವೆಂಗ್ ಕೈಯಲ್ಲಿದ್ದ ಹಾಳೆ ತೆಗೆದುಕೊಂಡು ಅಲ್ಲೇ ಬಾಗಿಲಿಗೆ ಒತ್ತಿ ಹಿಡಿದು ರುಜು ಹಾಕಿದರು.

ಅವಳು ಕಚೇರಿಯಲ್ಲಿ ಹೆಸರು ಸೇರಿಸಿ ಹೊರಗೆ ಬಂದಾಗ ಜುನ್‌ರೀ ಮೆಟ್ಟಿಲ ಮೇಲೆ ಕೂತಿದ್ದ. ಜಗಳಕ್ಕೆ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು. ಜಗಳವಾಗಲಿಲ್ಲ. ಸಿಕ್ತಲ್ಲ, ಒಳ್ಳೇದಾಯ್ತು ಎಂದ, ಮಿಕ್ಕಿದ್ದ ಬನ್ನು ಕೊಟ್ಟ, ಎದ್ದು ಹೋದ. ಅಂದಿನಿಂದ ಅವನು ಅಡುಗೆಮನೆಗೆ ಬೇರೆಯವರು ಇಲ್ಲದ ಹೊತ್ತು ನೋಡಿ ಬರತೊಡಗಿದ. ಮನೆಯಲ್ಲಿ ಹಾಡು ನಿಂತಿತು. ಮೇಲಿನ ಹುಡುಗಿಯರು ಇವನಿಗೆ ಯಾರೋ ಕೈಕೊಟ್ಟಿರಬೇಕು ಎಂದು ಮಾತಾಡಿಕೊಂಡರು.

ತರಗತಿ ಶುರುವಾಯಿತು. ಅಮ್ಮ ಹೊಲಿದು ಕಳಿಸಿದ ಬಿಳಿ ಕೋಟು ತೊಟ್ಟು ವೆಂಗ್ ತನ್ನ ಮೇಜಿನ ಮುಂದೆ ನಿಂತಳು. ಲಾಕರಿನ ಗಾಜಿನ ಸಾಮಾನುಗಳನ್ನು ತೊಳೆದಿಟ್ಟಳು. ಸಂತೋಷವಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬರ್ನರಿನ ನೀಲಿ ಉರಿ ನೋಡುತ್ತ ನಿಂತಾಗ ಆ ಇಳಿದುಹೋದ ನಗು ನೆನಪಾಗುತ್ತಿತ್ತು. ಸುಳ್ಳು ಹೇಳಿದ್ದು ಅವನು, ನಾನಲ್ಲ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ಜುನ್‌ರೀಯ ಅಪ್ಪ ಬಂದರು. ಫೆಲಿನೊ ಅಂತ ಹೆಸರು. ಹಡಗಿನಲ್ಲಿ ಒಂದು ರಾತ್ರಿ, ಬಸ್ಸಿನಲ್ಲಿ ಅರ್ಧ ದಿನ ಕಳೆದು ಬಂದಿದ್ದರು. ಹುಬ್ಬಿನಲ್ಲಿ ಕಲ್ಲಿನ ಬಿಳಿ ಪುಡಿ ಹಾಗೇ ಇತ್ತು, ತೊಳೆದರೂ ಹೋಗದ್ದು. ಮನೆಯೊಡತಿಗೆ ಅಮೃತಶಿಲೆಯ ಒರಳು ಕುಟ್ಟಾಣಿ ತಂದಿದ್ದರು. ಮಗನಿಗೆ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಕಲ್ಲು. ಜುನ್‌ರೀ ಆಗ ಮನೆಯಲ್ಲಿರಲಿಲ್ಲ, ವೆಂಗ್ ಕಾಫಿ ಕೊಟ್ಟಳು. ಅವರು ಬಟ್ಟೆ ಬಿಚ್ಚಿ ತೋರಿಸಿದರು. ಕಚೇರಿಯ ಮೇಜಿನ ಮೇಲಿಡುವ ಹೆಸರುಫಲಕ. ಮಗನ ಪೂರ್ತಿ ಹೆಸರು, ಅದರ ಮುಂದೆ ಇನ್ನೂ ಬಾರದ ಪದವಿ, ಸುತ್ತ ಎಲೆಬಳ್ಳಿ.

"ಅಕ್ಷರ ಸರಿ ಇದ್ಯಾ ನೋಡಮ್ಮ. ಕಲ್ಲಲ್ಲಿ ತಪ್ಪಾದ್ರೆ ಅಳಿಸೋಕಾಗಲ್ಲ," ಎಂದರು. "ಏಪ್ರಿಲಿಗೆ ನೀವಿಬ್ರೂ ಒಟ್ಟಿಗೆ ಅಂತಲ್ಲ? ನಿಮ್ಮಮ್ಮನಿಗೆ ಹೇಳು, ಅವತ್ತು ಊಟ ನಮ್ಮ ಕಡೆಯಿಂದ."

ಅಕ್ಷರ ಸರಿ ಇದೆ ಎಂದಳು ವೆಂಗ್.

ಅಪ್ಪನನ್ನು ಬಸ್ಸು ಹತ್ತಿಸಿ ಬಂದ ಜುನ್‌ರೀಯನ್ನು ಅವಳು ಹಿತ್ತಲಲ್ಲಿ ಹಿಡಿದಳು. ಇನ್ನೂ ಒಂದು ವರ್ಷ ಆಗುತ್ತೆ ಅಂತ ಅವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.

"ಇನ್ನೊಂದು ವರ್ಷ ಇಲ್ಲ ವೆಂಗ್. ಎಷ್ಟು ವರ್ಷ ಇಲ್ಲಿ ಇರಬಹುದು ಅಂತ ಒಂದು ಮಿತಿ ಇದೆಯಲ್ಲ, ಅದು ಮುಗೀತು. ಕಾಲೇಜಿನ ಕಚೇರಿಗೆ ಹೋಗಿ ಕೈಕಾಲು ಹಿಡಿದೆ. ಈ ಸಲ ಈ ಲ್ಯಾಬ್ ಸೇರಿ ಪಾಸಾದ್ರೆ ಮಿಕ್ಕಿದ್ದಕ್ಕೆ ಟೈಮ್ ಕೊಡ್ತೀವಿ, ಇಲ್ದಿದ್ರೆ ಹೆಸರು ತೆಗೀತೀವಿ ಅಂದ್ರು."

"ಅದನ್ನೇ ಮೇಡಂಗೆ ಹೇಳಬಹುದಿತ್ತಲ್ಲ ಅಣ್ಣ!"

"ಅಷ್ಟು ಜನರ ಮುಂದೆ? ಆರು ವರ್ಷದಿಂದ ದಡ್ಡ ನಾನು, ಕನಿಕರ ಇಟ್ಟು ಒಂದು ಮೇಜು ಕೊಡಿ ಅಂತ?"

"ನನಗಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ನೀನು ಹಿಂದೆ ಸರೀತಿದ್ದೆ. ಅದು ಬೇಡವಾಗಿತ್ತು." ಅವನೇ ಮುಂದುವರಿಸಿದ: "ನಾವಿಬ್ರೂ ಒಟ್ಟಿಗೆ ನಿಂತ್ರೆ ಮೇಡಂ ಮನಸ್ಸು ಕರಗಿ ಇಬ್ರನ್ನೂ ತಗೋತಾರೆ ಅಂದ್ಕೊಂಡೆ. ನೀನು ಹೂಂ ಅಂದುಬಿಡ್ತೀಯ ಅಂದ್ಕೊಂಡೆ."

ವೆಂಗ್ ಮಾರನೆಯ ದಿನವೇ ಸಂಬ್ರಾನೊ ಮೇಡಂ ಹತ್ತಿರ ಹೋದಳು. ನಿಂತಲ್ಲೇ ಎಲ್ಲವನ್ನೂ ಹೇಳಿ, ತನ್ನ ಜಾಗ ಅವನಿಗೆ ಕೊಡಿ ಎಂದು ಬೇಡಿದಳು. ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

"ನೀನು ಎದ್ದು ಇನ್ನೊಬ್ಬರನ್ನ ಕೂರಿಸೋಕೆ ಇದು ಜೀಪ್ನಿ ಬಸ್ಸಿನ ಸೀಟಲ್ಲಮ್ಮ," ಎಂದರು. "ಆ ಹುಡುಗ ನಿಜ ಹೇಳಿದ್ರೆ ಅವತ್ತೇ ಏನಾದ್ರೂ ಯೋಚನೆ ಮಾಡ್ತಿದ್ದೆ. ಈಗ ಡೀನ್ ಹತ್ರ ಮಾತಾಡಬೇಕು. ಅವರು ಸೋಮವಾರ ಬರ್ತಾರೆ. ಅಲ್ಲೀವರೆಗೆ ನೀನು ಏನೂ ಮಾಡಬೇಡ. ಗೊತ್ತಾಯ್ತಾ? ಏನೂ ಮಾಡಬೇಡ."

ಗೊತ್ತಾಯಿತು ಎಂದಳು. ಆದರೆ ಮನೆಗೆ ಬರುವಷ್ಟರಲ್ಲಿ ಹೊಸ ಭಯ ಹುಟ್ಟಿತು. ಹೆಸರು ಸೇರಿಸುವುದಕ್ಕೂ ತೆಗೆಯುವುದಕ್ಕೂ ಶುಕ್ರವಾರ ಕಡೆಯ ದಿನ. ಆಮೇಲೆ ಡೀನ್ ಒಪ್ಪಿದರೂ ಮೇಜೇ ಖಾಲಿಯಿಲ್ಲ ಎಂದರೆ? ತಾನು ಬಿಟ್ಟುಕೊಟ್ಟಿದ್ದರೆ ಸೋಮವಾರ ಮೇಡಂ ಕೈಯಲ್ಲಿ ಒಂದು ಜಾಗವಾದರೂ ಇರುತ್ತದಲ್ಲ? ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡವೆನ್ನುತ್ತಾರೆ, ಬೇಡವೆಂದರೆ ತನಗೆ ಸಮಾಧಾನವಾಗಿಬಿಡುತ್ತದೆ ಎಂಬ ಹೆದರಿಕೆಯೂ ಇತ್ತು. ಶುಕ್ರವಾರ ಮಧ್ಯಾಹ್ನ ಕಚೇರಿಗೆ ಹೋದಳು. ಕಿಟಕಿಯ ಹಿಂದಿದ್ದ ಹೆಂಗಸು, ತೆಗೆದ ಮೇಲೆ ವಾಪಸ್ ಬರುವುದಿಲ್ಲ, ಯೋಚಿಸಿದ್ದೀಯಾ ಎಂದು ಕೇಳಿದಳು. ವೆಂಗ್ ತಲೆಯಾಡಿಸಿದಳು.

ಅವಳ ಹೆಸರು ಹೋಯಿತು. ಖಾಲಿಯಾದ ಜಾಗ ಮೇಡಂಗಾಗಿ ಕಾಯಲಿಲ್ಲ. ಕಂಪ್ಯೂಟರು ಅದನ್ನು ತನ್ನ ಸರದಿಯಲ್ಲಿದ್ದ ಮುಂದಿನ ಹೆಸರಿಗೆ ಆಗಲೇ ಕೊಟ್ಟುಬಿಟ್ಟಿತು. ಎರಡನೇ ವರ್ಷದ ಯಾವುದೋ ಹುಡುಗಿ, ಇವರಿಬ್ಬರ ಕಥೆಯೇ ಗೊತ್ತಿಲ್ಲದವಳು.

ಸೋಮವಾರ ಡೀನ್ ಒಪ್ಪಲಿಲ್ಲ. ಷರತ್ತಿನ ಗಡುವು ಮುಗಿದಿದೆ, ಮೇಲಾಗಿ ಹುಡುಗ ಸುಳ್ಳು ಹೇಳಿದ್ದಾನೆ ಎಂದರಂತೆ. ಮೇಡಂ ಅದನ್ನು ಹೇಳಲು ಕರೆಸಿದಾಗ ವೆಂಗ್ ಶುಕ್ರವಾರದ ಸಂಗತಿ ತಿಳಿಸಿದಳು. ಮೇಡಂ ಮೊದಲು ನಂಬಲಿಲ್ಲ. ತಮ್ಮ ಕಂಪ್ಯೂಟರು ತೆರೆದು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಹುಡುಗಿಯನ್ನು ಕೇಳಿ ನೋಡಬಹುದೇ ಎಂದು ವೆಂಗ್ ಸಣ್ಣ ದನಿಯಲ್ಲಿ ಅಂದಳು.

"ಅವಳೇನು ತಪ್ಪು ಮಾಡಿದಾಳೆ?" ಎಂದರು ಮೇಡಂ.

ಸುದ್ದಿ ಜುನ್‌ರೀಗೆ ಮುಟ್ಟಿದಾಗ ಅವನು ಅಕ್ಕಿ ತೊಳೆಯುತ್ತಿದ್ದ. ಅವನು ಸಿಟ್ಟಾದದ್ದನ್ನು ಆ ಮನೆಯವರು ನೋಡಿದ್ದು ಅದೊಂದೇ ಸಲ. ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು.

"ನಾನು ಕೇಳಿದ್ನಾ ನಿನ್ನ?"

"ನನ್ನಿಂದ ತಾನೇ ಅಣ್ಣ ನಿನಗೆ..."

"ನಿನ್ನಿಂದ ಏನೂ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ, ಸಿಕ್ಕಿಬಿದ್ದೆ, ಮುಗೀತು. ಆ ಭಾರ ಒಂದಿತ್ತು, ನಾನು ಹೊರ್ತಿದ್ದೆ. ಈಗ ನಿನ್ನ ವರ್ಷಾನೂ ನನ್ನ ತಲೆ ಮೇಲೆ ಇಟ್ಟೆ. ನಿಮ್ಮಮ್ಮನ ಮುಖ ಹೇಗೆ ನೋಡಲಿ ನಾನು? ಅವರು ಹೊಲಿದ ಅಂಗೀನೇ ಹಾಕಿದೀನಲ್ಲೇ ಈಗ."

ಅಕ್ಕಿಯ ಪಾತ್ರೆ ಅಲ್ಲೇ ಬಿಟ್ಟು ಹೊರಗೆ ಹೋದ. ಆ ವಾರ ಮುಗಿಯುವ ಮುಂಚೆ ಮನೆ ಬಿಟ್ಟ. ವೆಂಗ್ ಬೇರೊಂದು ತರಗತಿಯಲ್ಲಿದ್ದಾಗ ಟ್ರೈಸಿಕಲ್ ಕರೆಸಿ ಪೆಟ್ಟಿಗೆ ಏರಿಸಿಕೊಂಡು ಹೋದನಂತೆ. ಹೆಸರುಫಲಕವನ್ನೂ ತೆಗೆದುಕೊಂಡು ಹೋಗಿದ್ದ. ಅಂಥ ಭಾರದ ಕಲ್ಲನ್ನು ಯಾಕೆ ಹೊತ್ತ ಎಂದು ಮನೆಯೊಡತಿ ಆಶ್ಚರ್ಯಪಟ್ಟಳು.

ಊರಿಗೆ ಹೋಗಿ ಹೇಳುವುದು ಉಳಿದಿತ್ತು. ವೆಂಗ್ ಹೇಳುತ್ತಿದ್ದಷ್ಟೂ ಹೊತ್ತು ಪಸಿತಾ ಯಂತ್ರ ನಿಲ್ಲಿಸಿ, ಸೂಜಿಯ ಕೆಳಗಿನ ಬಟ್ಟೆ ಹಿಡಿದುಕೊಂಡೇ ಕೇಳಿದಳು. ಆ ಹುಡುಗ ನಿನ್ನನ್ನು ಬದುಕಿಸಿದವನು, ನೀನು ಮಾಡಿದ್ದನ್ನು ತಪ್ಪೆನ್ನಲಾರೆ ಎಂದಳು. ಆಮೇಲೆ ಮತ್ತೆ ಹೊಲಿಯತೊಡಗಿದಳು. ಅಪ್ಪ ಮಂಚದ ಮೇಲಿಂದ ಸೂರು ನೋಡುತ್ತಿದ್ದ. ಜೆಸ್ಸಾ ಮಾತ್ರ ಬಾಗಿಲ ಹತ್ತಿರ ನಿಂತು ಕೇಳಿದಳು:

"ನಿನ್ನ ವರ್ಷ ಕೊಟ್ಟೆ, ಸರಿ ಅಕ್ಕ. ನನ್ನ ವರ್ಷಾನ ಯಾರನ್ನ ಕೇಳಿ ಕೊಟ್ಟೆ?"

ಅಮ್ಮ ಅವಳನ್ನು ಗದರಿಸಿದಳು. ಆದರೆ ಅವಳು ಹೇಳಿದ್ದು ಸುಳ್ಳೆಂದು ಯಾರೂ ಅನ್ನಲಿಲ್ಲ.

ಜೆಸ್ಸಾ ಆ ವರ್ಷ ಲುಸೆನಾದಲ್ಲಿ ಒಂದು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದಳು, ಒಂದೇ ವರ್ಷಕ್ಕೆ ಎಂದುಕೊಂಡು. ಕೈಗೆ ಸಂಬಳ ಬಂತು, ಗೆಳತಿಯರು ಬಂದರು, ಆಮೇಲೆ ಅದೇ ಬೀದಿಯ ಒಬ್ಬ ಫೋನು ರಿಪೇರಿ ಮಾಡುವವನು ಬಂದ. ವೆಂಗ್ ಕೆಲಸ ಹಿಡಿದು, ಇನ್ನು ಹೊರಡು, ಕಾಲೇಜು ಸೇರು ಎಂದಾಗ ಅವಳ ಹೊಟ್ಟೆಯಲ್ಲಿ ಮಗುವಿತ್ತು. ಈಗ ಅಕ್ಕತಂಗಿಯರು ಚೆನ್ನಾಗಿಯೇ ಇದ್ದಾರೆ, ಹಬ್ಬಕ್ಕೆ ಸೇರುತ್ತಾರೆ, ನಗುತ್ತಾರೆ. ಓದಿನ ಮಾತು ಬಂದರೆ ಮಾತ್ರ ಇಬ್ಬರಲ್ಲೊಬ್ಬರು ಒಲೆಯ ಕಡೆ ಎದ್ದು ಹೋಗುತ್ತಾರೆ.

ಮುಂದಿನ ಜೂನಿನಲ್ಲಿ ವೆಂಗ್‌ಗೆ ಸೀಟು ಮೊದಲ ಸುತ್ತಿನಲ್ಲೇ ಸಿಕ್ಕಿತು. ಸಾಲಿನಲ್ಲಿ ನಿಲ್ಲುವ ಪ್ರಮೇಯವೇ ಬರಲಿಲ್ಲ. ಸಂಬ್ರಾನೊ ಮೇಡಂ ಹಳೆಯದನ್ನು ಒಂದು ಸಲವೂ ಎತ್ತಲಿಲ್ಲ, ಇತರರಂತೆಯೇ ನಡೆಸಿಕೊಂಡರು. ಒಂದು ದಿನ ಮಾತ್ರ, ಅವಳ ಉರಿ ಹೆಚ್ಚಾದದ್ದನ್ನು ಕಂಡು ಹಿಂದಿನಿಂದ ಬಂದು ತಗ್ಗಿಸಿ, ಭುಜದ ಮೇಲೆ ಕೈಯಿಟ್ಟು, ಅವಸರ ಬೇಡ ಎಂದು ಹೇಳಿ ಮುಂದಕ್ಕೆ ಹೋದರು. ಆ ದಿನ ವೆಂಗ್ ಮನೆಗೆ ಬಂದು ಮನಸಾರೆ ಅತ್ತಳು. ಪರೀಕ್ಷೆಯಲ್ಲಿ ಸಾಧಾರಣವಾಗಿ ಪಾಸಾದಳು. ಪದವಿಯ ದಿನ ಅಮ್ಮ ಬಂದಿದ್ದಳು, ಜೆಸ್ಸಾಗೆ ಅಂಗಡಿಯಲ್ಲಿ ರಜೆ ಸಿಕ್ಕಿರಲಿಲ್ಲ.

ಜುನ್‌ರೀಗೆ ಅವಳು ಬರೆದ ಸಂದೇಶಗಳಿಗೆ ಉತ್ತರ ಬರಲಿಲ್ಲ. ವರ್ಷಗಳೇ ಕಳೆದ ಮೇಲೆ, ಕಾರ್ಖಾನೆಯ ಕೆಲಸದ ಮೇಲೆ ಬತಾಂಗಾಸ್ ಬಂದರಿಗೆ ಹೋಗಿದ್ದಾಗ, ಲಾರಿಯಿಂದ ಇಳಿಸುತ್ತಿದ್ದ ಕಲ್ಲಿನ ಹಲಗೆಗಳ ಪಕ್ಕದಲ್ಲಿ ಯಾರೋ ಜೋರಾಗಿ ಹಾಡುತ್ತಿದ್ದರು. ತಿರುಗಿ ನೋಡಿದಳು. ಮೈ ತುಂಬಿಕೊಂಡಿತ್ತು, ಹುಬ್ಬು ಬೆಳ್ಳಗಾಗಿತ್ತು. ಅವನೂ ನೋಡಿದ. ಹಾಡು ಅರ್ಧಕ್ಕೆ ನಿಂತಿತು, ಆದರೆ ಅವನೇ ಮೊದಲು ಹತ್ತಿರ ಬಂದ.

ಬಂದರಿನ ಪಕ್ಕದ ಅಂಗಡಿಯಲ್ಲಿ ದಪ್ಪ ಶಾವಿಗೆಯ ಬಿಸಿ ಸೂಪು ತರಿಸಿದರು. ಅವನ ಹೆಂಡತಿಯೂ ಬಂದು ಕೂತಳು, ಒಂದು ಮಗು ಕಂಕುಳಲ್ಲಿ. "ಇವಳೇ ವೆಂಗ್, ನಮ್ಮ ಮನೇಲಿದ್ದ ತಂಗಿ," ಎಂದು ಪರಿಚಯ ಮಾಡಿಕೊಟ್ಟ. ಹೆಸರು ಕೇಳಿದ್ದೇನೆ ಎಂದು ಹೆಂಡತಿ ನಕ್ಕಳು. ಏನು ಕೇಳಿದ್ದಾಳೋ ವೆಂಗ್‌ಗೆ ತಿಳಿಯಲಿಲ್ಲ. ಅಪ್ಪ ತೀರಿಕೊಂಡರು, ಕಲ್ಲಿನ ವ್ಯಾಪಾರ ತಾನೇ ನೋಡುತ್ತಿದ್ದೇನೆ ಎಂದ. ಪಸಿತಾಳ ಆರೋಗ್ಯ ಕೇಳಿದ. ಜೆಸ್ಸಾ ಏನು ಓದಿದಳು ಎಂದು ಕೇಳಿದ. ವೆಂಗ್ ಹೇಳಿದಳು. ಅವನು ಚಮಚ ಕೆಳಗಿಟ್ಟ.

ಸ್ವಲ್ಪ ಹೊತ್ತಿನ ಮೇಲೆ, ಹೆಂಡತಿ ಮಗುವಿನ ಕೈ ತೊಳೆಯಲು ಎದ್ದಾಗ, ಅವನು ತಗ್ಗಿದ ದನಿಯಲ್ಲಿ ಹೇಳಿದ:

"ಆ ಜಾಗ ಸಿಕ್ಕಿದ್ರೂ ನಾನು ಮುಗಿಸ್ತಿರಲಿಲ್ಲ ಕಣೇ. ಫಿಸಿಕ್ಸ್ ನನ್ನ ತಲೇಗೆ ಹತ್ತೋದೇ ಅಲ್ಲ."

"ನಿಜವಾಗ್ಲೂ ಅಣ್ಣ?"

"ನಿಜವಾಗ್ಲೂ."

ವೆಂಗ್ ಅವನ ಮುಖ ನೋಡಿದಳು. ಅಂದು ಓಣಿಯಲ್ಲಿ ಮೇಡಂ ಮುಂದೆ ನಿಂತು ಮುಗಿಸುತ್ತೇನೆ ಎಂದಾಗಲೂ ಅವನ ಮುಖ ಹೀಗೇ ಇತ್ತು. ಯಾವುದು ನಿಜ, ಯಾವುದು ಅವಳ ಸಮಾಧಾನಕ್ಕೆ ಹೇಳಿದ್ದು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹಡಗಿಗೆ ಹೊತ್ತಾಯಿತೆಂದು ಆಳುಗಳು ಕೂಗಿದರು. ಜುನ್‌ರೀ ಸೂಪಿನ ಬಟ್ಟಲು ಅವಳ ಕಡೆ ತಳ್ಳಿ, ನೀನು ತಿಂದೇ ಇಲ್ಲ, ಮುಗಿಸಿ ಹೋಗು ಎಂದು ಹೇಳಿ ಮಗುವನ್ನು ಎತ್ತಿಕೊಂಡ. ಅವರು ಹೋದ ಮೇಲೂ ವೆಂಗ್ ಅಲ್ಲೇ ಕೂತಿದ್ದಳು. ಸೂಪು ಆರಿಹೋಗಿತ್ತು. ಆದರೂ ಪೂರ್ತಿ ಕುಡಿದು, ಸಂಜೆಯ ಬಸ್ಸು ಹಿಡಿದು ಊರಿಗೆ ಬಂದಳು. ಯಾಕೆ ತಡ, ಯಾರಾದರೂ ಸಿಕ್ಕಿದ್ದರಾ ಎಂದು ಅಮ್ಮ ಕೇಳಿದಾಗ ಅವನ ಹೆಸರು ಹೇಳಿದಳು. ಅವನು ಚೆನ್ನಾಗಿದ್ದಾನಾ ಎಂದು ಪಸಿತಾ ಮತ್ತೆ ಕೇಳಿದಳು. ವೆಂಗ್ ಯೋಚಿಸಿ, "ಹಾಡ್ತಿದ್ದ," ಎಂದಳು.